ಮೂರು ಗಂಟೆಗೆ ಬನ್ನಿ

ಕಾಟನ್‌ಪೇಟೆ ಮುಖ್ಯರಸ್ತೆಯ ಒಂದು ಲಾಡ್ಜಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಇಳಿದವರು, ಸಿಟಿ ಸ್ಟೇಷನ್ನಿನಿಂದ ಸೂಟ್‌ಕೇಸ್ ಎಳೆದುಕೊಂಡು ಬಂದವರು, ಕರಗ ಮಸ್ತಾನ್ ದರ್ಗಾಕ್ಕೆ ಬರುವುದನ್ನು ನೋಡಿ ಬೆಳಗಿನ ಜಾವ ರೂಮು ಕೇಳಿದವರು, ಎಲ್ಲರೂ ನನ್ನ ರಿಜಿಸ್ಟರಿನಲ್ಲಿದ್ದಾರೆ. ಹಾಗಾಗಿ ಮಗಳು "ಪ್ಯಾಕೇಜ್ ಟೂರಲ್ಲೇ ಹೋಗಿಬಿಡಿ ಅಪ್ಪ" ಎಂದಾಗ ಸ್ವಲ್ಪ ಅವಮಾನವೇ ಆಯಿತು. ಊರವರಿಗೆಲ್ಲ ರೂಮು ಕೊಟ್ಟವನಿಗೆ ತನ್ನ ರೂಮು ತಾನು ನೋಡಿಕೊಳ್ಳಲು ಬರುವುದಿಲ್ಲವೇ?

ಹೊರಟವರು ಮೂವರು: ನಾನು, ನನ್ನ ಹೆಂಡತಿ, ಮಂಡಿನೋವಿನ ನಮ್ಮಕ್ಕ. ಕ್ವಾಲಾಲಂಪುರದಲ್ಲಿ ಎರಡು ರಾತ್ರಿ, ಮಲಾಕ್ಕಾದಲ್ಲಿ ಒಂದು, ಸಿಂಗಪುರದಲ್ಲಿ ಎರಡು. ಕಾಗದಪತ್ರದ ಕೆಲಸ ಸಲೀಸಾಗಿ ಮುಗಿಯಿತು. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ನಮಗೆ ವೀಸಾ ಕೇಳುತ್ತಿಲ್ಲ. ಸಿಂಗಪುರಕ್ಕೆ ವೀಸಾ ಬೇಕು, ಏಜೆಂಟರ ಮೂಲಕ ಮಾಡಿಸಿದೆವು. ಎರಡೂ ದೇಶಗಳಿಗೆ ತಲುಪುವ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನದ ಫಾರಂ ತುಂಬಬೇಕು. ಸರ್ಕಾರಿ ಜಾಲತಾಣದಲ್ಲಿ ಅದಕ್ಕೆ ದುಡ್ಡಿಲ್ಲ.

ಒಂದು ವಿಷಯದಲ್ಲಿ ನಾನು ಜಾಣನಾದೆ. ಕ್ವಾಲಾಲಂಪುರಕ್ಕೇ ಹೋಗಿ ಅಲ್ಲಿಂದಲೇ ವಾಪಸಾಗುವ ಟಿಕೆಟ್ ಅಗ್ಗವಿತ್ತು. ಆದರೆ ಸಿಂಗಪುರದಿಂದ ಮತ್ತೆ ಹಿಂದಕ್ಕೆ ಬರುವ ಬಸ್ಸು, ಇನ್ನೊಂದು ಸಲ ಗಡಿ, ಇನ್ನೊಂದು ರಾತ್ರಿಯ ಬಾಡಿಗೆ ಎಲ್ಲ ಕೂಡಿಸಿದರೆ ಉಳಿತಾಯ ಎಂಬುದೇ ಇರಲಿಲ್ಲ. ಹೋಗುವುದು ಒಂದೂರಿಗೆ, ಬರುವುದು ಇನ್ನೊಂದೂರಿಂದ ಎಂದು ಟಿಕೆಟ್ ಮಾಡಿದೆ.

ಜಾಣತನ ಅಲ್ಲಿಗೆ ಮುಗಿಯಿತು. 11ನೇ ತಾರೀಖು ರಾತ್ರಿ ದೇವನಹಳ್ಳಿಯಿಂದ ಹೊರಟ ವಿಮಾನ ನಾಲ್ಕು ಗಂಟೆಯಲ್ಲಿ ಇಳಿಯಿತು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆದ್ದರಿಂದ ಇಳಿದಾಗ ಬೆಳಿಗ್ಗೆ ಆರು. ಹೋಟೆಲ್ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ನಕ್ಕು, ಮೂರು ಗಂಟೆಗೆ ಬನ್ನಿ ಎಂದಳು. ಆ ನಗು ನನಗೆ ಗೊತ್ತು. ಇಪ್ಪತ್ತಾರು ವರ್ಷದಿಂದ ನಾನು ನಗುತ್ತಿರುವುದೂ ಅದನ್ನೇ.

ನಮ್ಮ ಲಾಡ್ಜಿನದು 24 ಗಂಟೆ ಲೆಕ್ಕ. ಬೆಳಿಗ್ಗೆ ಆರಕ್ಕೆ ಬಂದವರು ಮರುದಿನ ಆರಕ್ಕೆ ಬೀಗದ ಕೈ ಕೊಟ್ಟರೆ ಸಾಕು. ಪ್ರಪಂಚವೆಲ್ಲ ಹಾಗೇ ಅಂದುಕೊಂಡಿದ್ದೆ. ಅಲ್ಲಿ 'ಒಂದು ದಿನ' ಅಂದರೆ ಇವತ್ತು ಮಧ್ಯಾಹ್ನ ಮೂರರಿಂದ ನಾಳೆ ಹನ್ನೆರಡರವರೆಗೆ, ಲೆಕ್ಕಕ್ಕೆ 21 ಗಂಟೆ. 12ರ ಬೆಳಿಗ್ಗೆಯೇ ರೂಮು ಬೇಕಿದ್ದರೆ 11ರ ರಾತ್ರಿಗೇ ಬುಕ್ ಮಾಡಿ, ಬೆಳಗಿನ ಜಾವ ಬರುತ್ತೇವೆಂದು ತಿಳಿಸಿರಬೇಕಿತ್ತು. ವಿದೇಶಿಯರು ಕಟ್ಟಬೇಕಾದ ಪ್ರವಾಸಿ ತೆರಿಗೆ, ರೂಮಿಗೆ ರಾತ್ರಿಗೆ 10 ರಿಂಗಿಟ್, ಅದನ್ನು ಮಾತ್ರ ಆಗಲೇ ಕಟ್ಟಿಸಿಕೊಂಡರು.

ಅಕ್ಕ ಸೋಫಾದ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಾ ಕೇಳಿದಳು: "ಏನೋ, ನಿನ್ನ ಲಾಡ್ಜಿಗೆ ಬಂದವರನ್ನೂ ಹೀಗೇ ಕೂರಿಸ್ತೀಯೇನೋ?"

ಉತ್ತರ ಕೊಡದೆ ಲಗೇಜನ್ನು ಕೌಂಟರಿಗೆ ಒಪ್ಪಿಸಿ ಬಾಟು ಗುಹೆಗೆ ರೈಲು ಹತ್ತಿಸಿದೆ. ಗುಹೆಗೆ 272 ಮೆಟ್ಟಿಲು. ಅಕ್ಕ ಕೆಳಗೇ ಕೂತು 42 ಮೀಟರಿಗೂ ಎತ್ತರದ ಸುಬ್ರಹ್ಮಣ್ಯನಿಗೆ ಕೈ ಮುಗಿದಳು, ನಾನು ಅರ್ಧ ಹತ್ತಿ ವಾಪಸು ಬಂದೆ. ನಿದ್ದೆಗೆಟ್ಟ ಕಣ್ಣಿಗೆ ದೇವರೂ ಎರಡೆರಡು ಕಾಣುತ್ತಿದ್ದ.

ಎರಡನೇ ತಪ್ಪು ನನ್ನ ಕಸುಬಿಗೇ ನಾಚಿಕೆ ತರುವಂಥದು. ಬೆಳಿಗ್ಗೆ ರೈಲಿರುವವರು ಜಯನಗರದಲ್ಲಿ ರೂಮು ಹಿಡಿಯುವುದಿಲ್ಲ, ಕಾಟನ್‌ಪೇಟೆಗೆ ಬರುತ್ತಾರೆ. ನಮ್ಮ ಲಾಡ್ಜು ಬದುಕಿರುವುದೇ ಅದರಿಂದ. ಆದರೂ ಚಿತ್ರ ಚೆನ್ನಾಗಿದೆಯೆಂದು ನಾನು ಬುಕಿತ್ ಬಿಂತಾಂಗ್ ಎಂಬ ಝಗಮಗ ಪೇಟೆಯಲ್ಲಿ ರೂಮು ಹಿಡಿದಿದ್ದೆ. ಕೆಎಲ್ ಸೆಂಟ್ರಲ್ ನಿಲ್ದಾಣದ ಮಗ್ಗುಲಲ್ಲೇ ಬ್ರಿಕ್‌ಫೀಲ್ಡ್ಸ್ ಇದೆ. ಅಲ್ಲಿ ಇಡ್ಲಿ ಸಿಗುತ್ತದೆ, ವಿಮಾನ ನಿಲ್ದಾಣದ ರೈಲು ಅಲ್ಲಿಗೇ ಬರುತ್ತದೆ, ದಕ್ಷಿಣದ ಬಸ್ಸುಗಳು ಹೊರಡುವ ಟಿಬಿಎಸ್ ನಿಲ್ದಾಣಕ್ಕೂ ಅಲ್ಲಿಂದ ನೇರ ರೈಲಿದೆ. ನಾವು ಮೂರು ಸೂಟ್‌ಕೇಸ್ ಹೊತ್ತು ರೈಲು ಬದಲಿಸಿದೆವು.

ಮಲಾಕ್ಕಾಕ್ಕೆ ಬಸ್ಸಿನಲ್ಲಿ ಎರಡೇ ಗಂಟೆ. ಅದನ್ನು ನಂಬಿ ಒಂದು ರಾತ್ರಿ ಸಾಕೆಂದಿದ್ದೆ. ಆದರೆ ಅಲ್ಲಿನ ಬಸ್ ನಿಲ್ದಾಣ ಹಳೇ ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆ. ಹತ್ತಕ್ಕೆ ರೂಮು ಬಿಟ್ಟವರಿಗೆ ಇನ್ನೊಂದು ರೂಮು ಸಿಕ್ಕಿದ್ದು ನಾಲ್ಕಕ್ಕೆ. 2008ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಊರು. ಡಚ್ಚರ ಕೆಂಪು ಕಟ್ಟಡದ ಮುಂದೆ ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಕತ್ತಲಾಯಿತು.

ಮಾರನೇ ದಿನ ಸಿಂಗಪುರದ ಬಸ್ಸು. ಮಲೇಷ್ಯಾ ಕಡೆ ಇಳಿದು ಪಾಸ್‌ಪೋರ್ಟ್ ತೋರಿಸಿ, ಮತ್ತೆ ಬಸ್ಸು ಹತ್ತಿ, ಸಮುದ್ರಕ್ಕೆ ಅಡ್ಡ ಕಟ್ಟಿದ ಕಿಲೋಮೀಟರಿಗಿಂತ ತುಸು ಉದ್ದದ ದಾರಿ ದಾಟಿ, ವುಡ್‌ಲ್ಯಾಂಡ್ಸ್‌ನಲ್ಲಿ ಲಗೇಜ್ ಸಮೇತ ಇಳಿದು ಇನ್ನೊಂದು ಸಾಲು. ಅಕ್ಕನ ನಡಿಗೆಗೆ ಆ ಸಾಲು ಸಾಗಿ ಹೊರಬರುವಷ್ಟರಲ್ಲಿ ನಮ್ಮ ಬಸ್ಸು ಹೊರಟುಹೋಗಿತ್ತು. ಮುಂದಿನದಕ್ಕೆ ಕಾಯುವುದು ಬೇಡವೆಂದು ಕ್ರಾಂಜಿ ಮೆಟ್ರೋ ನಿಲ್ದಾಣದ ಕಡೆಯ ಸಿಟಿ ಬಸ್ಸು ಹತ್ತಿದೆವು. ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಟಿಕೆಟ್. ಆದರೆ ಒಬ್ಬರಿಗೆ ಒಂದೇ ಕಾರ್ಡು, ಅದೂ ವಿದೇಶದಲ್ಲಿ ನಡೆಯುವಂತೆ ಮೊದಲೇ ಬ್ಯಾಂಕಿನಲ್ಲಿ ಮಾಡಿಸಿರಬೇಕು. ನನ್ನ ಹತ್ತಿರ ಒಂದು, ಹೆಂಡತಿ ಹತ್ತಿರ ಒಂದು. ಅಕ್ಕನಿಗೆ? ನೋಟು ಹಾಕಿದರೆ ಚಿಲ್ಲರೆ ವಾಪಸು ಬರುವುದಿಲ್ಲ. ಹಿಂದೆ ನಿಂತಿದ್ದ ತಮಿಳು ಹೆಂಗಸೊಬ್ಬರು ನಾಣ್ಯ ಎಣಿಸಿ ಹಾಕಿದರು.

ಸಿಂಗಪುರದಲ್ಲಿ ಮಾತ್ರ ಕಾಟನ್‌ಪೇಟೆ ಬುದ್ಧಿ ಕೈ ಹಿಡಿಯಿತು. ಲಿಟಲ್ ಇಂಡಿಯಾ ಮೆಟ್ರೋ ನಿಲ್ದಾಣದ ಹತ್ತಿರವೇ ಸಣ್ಣ ರೂಮು, ನಡೆದರೆ ಸೆರಂಗೂನ್ ರಸ್ತೆ, 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್‌ನಲ್ಲಿ ಊಟ. ಕಿಟಕಿಯಿಲ್ಲದ ಆ ರೂಮಿನ ಬಗ್ಗೆ ಅಕ್ಕ ಒಂದು ಮಾತೂ ಆಡಲಿಲ್ಲ.

ವಾಪಸು ಬಂದ ಮೇಲೆ ರಿಜಿಸ್ಟರಿನ ಥರ ಗೆರೆ ಎಳೆದು ಲೆಕ್ಕ ಹಾಕಿದೆ. ವಿಮಾನ ಇಳಿದು ರೂಮು ಸಿಗುವವರೆಗೆ 9 ಗಂಟೆ, ಮಲಾಕ್ಕಾಕ್ಕೆ 6, ಸಿಂಗಪುರಕ್ಕೆ 8, ಕೊನೇ ದಿನ ರೂಮು ಬಿಟ್ಟು ವಿಮಾನ ಹೊರಡುವವರೆಗೆ 9. ಆರು ದಿನದಲ್ಲಿ 32 ಗಂಟೆ ನಮ್ಮ ಕೈಯಲ್ಲಿ ಯಾವ ರೂಮಿನ ಬೀಗದ ಕೈಯೂ ಇರಲಿಲ್ಲ. ನಾನು ಹಾಕಿದ ಯೋಜನೆಯಲ್ಲಿ ಈ 32 ಗಂಟೆಗಳೇ ಇರಲಿಲ್ಲ, ಬರೀ ಊರುಗಳಿದ್ದವು. ಇನ್ನೊಮ್ಮೆ ಹೋದರೆ ಒಂದು ರಾತ್ರಿಯ ಊರು ಬೇಡ. ಒಂದು ಬೀಗದ ಕೈ ಕೊಟ್ಟು ಇನ್ನೊಂದು ಸಿಗುವವರೆಗೆ ಲಗೇಜ್ ಎಲ್ಲಿ, ಶೌಚಾಲಯ ಎಲ್ಲಿ, ಅಕ್ಕ ಕೂರುವುದೆಲ್ಲಿ ಎಂದು ಮೊದಲು ಬರೆದುಕೊಂಡು ಆಮೇಲೆ ಟಿಕೆಟ್ ಮಾಡುತ್ತೇನೆ.

ಕೌಂಟರಿಗೆ ಮರಳಿದ ವಾರವೇ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ ರೂಮು ಕೇಳಿದರು. ಇಷ್ಟು ವರ್ಷ ನನ್ನ ಮೊದಲ ಪ್ರಶ್ನೆ "ಎಷ್ಟು ಜನ?" ಎಂಬುದು. ಅವತ್ತು ಬಾಯಿಗೆ ಬಂದದ್ದು ಬೇರೆ: "ಬೆಳಿಗ್ಗೆ ಎಷ್ಟು ಗಂಟೆಗೆ ಇಳೀತೀರಿ? ವಯಸ್ಸಾದವರು ಇದ್ದಾರಾ ಜೊತೇಲಿ?"