ತಡವಾದ ಕ್ಷಮಾವಣಿ

ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಣಿಗೆ ಸೇರಬೇಕಿದ್ದ ತುಂಬು ಕುಟುಂಬವೊಂದು, ರಜೆ ದೊರೆಯದೆ, ದೀಪಾವಳಿಗೆ ಮೂಲಮನೆಯಲ್ಲಿ ಕೂಡಿತೆನ್ನಿರಿ. ಗದ್ದೆಯ ಪಾಲಿನ ಸಲುವಾಗಿ ಅಣ್ಣತಮ್ಮಂದಿರಲ್ಲಿ ಶ್ರಾವಣದಲ್ಲಿ ಹುಟ್ಟಿದ ಮುನಿಸು ಇನ್ನೂ ಆರಿಲ್ಲ. ಪರ್ವದ 10 ದಿನವೂ ಏಕಭುಕ್ತದಲ್ಲಿದ್ದ ಅಣ್ಣನ ವ್ರತಕ್ಕೆ ಇದರಿಂದ ಕುಂದುಂಟೇ?

ಉಂಟು. ಚಾವುಂಡರಾಯನ ಕಾಲದ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ಕಷಾಯಗಳ ವಾಸನಾಕಾಲವನ್ನು, ಎಂದರೆ ಅವುಗಳ ಸಂಸ್ಕಾರ ಉಳಿಯುವ ಅವಧಿಯನ್ನು, ನಿರೂಪಿಸಿದ್ದಾರೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ 6 ತಿಂಗಳು. ಅದನ್ನೂ ಮೀರಿದುದು ಸಮ್ಯಕ್ತ್ವವನ್ನೇ ಕೆಡಿಸುವ ಅನಂತಾನುಬಂಧಿ. ಪಕ್ಷ ದಾಟಿದ ಮುನಿಸು ಶ್ರಾವಕನ ಅಣುವ್ರತಕ್ಕೇ ಅಡ್ಡಿ. ಏಕಭುಕ್ತಗಳ ಲೆಕ್ಕ ಅಲ್ಲಿ ನಡೆಯದು.

ಆದರೆ 6 ತಿಂಗಳು ಇನ್ನೂ ತುಂಬಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಎಲೆ ಹಾಕುವ ಹೊತ್ತಿಗೆ ಅಣ್ಣನೇ ತಮ್ಮನಲ್ಲಿ ಕ್ಷಮೆ ಬೇಡಲಿ. ಹಿರಿತನ ನೋಡುತ್ತ ಕುಳಿತರೆ ಇನ್ನೊಂದು ವರ್ಷ ಹೋದೀತು. ಗದ್ದೆಯ ಮಾತು ಊಟದ ಬಳಿಕ.