ಮುಂಗಡ ಕೊಡುವ ಮುನ್ನ ಮೂರು ಸಲ ನೋಡು

ಮಗಳೇ,

ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಬಾಡಿಗೆ ಮನೆ ಹುಡುಕುತ್ತಿದ್ದೀಯೆಂದು ನಿನ್ನಪ್ಪ ಹೇಳಿದ. ಹಲಸೂರಿನಲ್ಲಿ ಮೂವತ್ತು ವರ್ಷ ಬಾಳಿದವನು ಹೇಳುತ್ತೇನೆ, ಕೇಳು. ಒಂದೇ ಸಲ ನೋಡಿ ಯಾವ ಮನೆಗೂ ಮುಂಗಡ ಕೊಡಬೇಡ.

ಇಲ್ಲಿಗೆ ಬರುವ ಮೊದಲು ನಾನು ಆ ತಪ್ಪು ಮಾಡಿದ್ದೆ. ಕೆ.ಆರ್. ಪುರದಲ್ಲಿ ಒಂದು ಭಾನುವಾರ ಬೆಳಗ್ಗೆ ಮನೆ ನೋಡಿದೆ. ರಸ್ತೆ ಖಾಲಿ, ಮನೆಯೊಳಗೆ ಒಳ್ಳೆಯ ಗಾಳಿ ಬೆಳಕು. ನಿಂತಲ್ಲೇ ಹಣ ಎಣಿಸಿದೆ. ಸೋಮವಾರದಿಂದ ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಬೇಸಿಗೆಗೆ ಕೊಳವೆಬಾವಿಯೂ ಬತ್ತಿತು. ಕರಾರಿನ ಹನ್ನೊಂದು ತಿಂಗಳು ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿದೆ.

ಮೊದಲ ಸಲ ಹಗಲಲ್ಲಿ ಹೋಗು. ನಲ್ಲಿಗಳನ್ನೆಲ್ಲ ತಿರುಗಿಸು. ಬಣ್ಣ ಹೊಸದಾಗಿದ್ದರೆ ಬಚ್ಚಲಿಗೆ ಅಂಟಿದ ಗೋಡೆಯನ್ನು ಮುಟ್ಟಿ ನೋಡು, ತೇವ ಕೈಗೆ ಸಿಗುತ್ತದೆ. ಕಾವೇರಿ ನೀರು ಯಾವ ದಿನ ಬರುತ್ತದೆ, ಒಂದು ಸಂಪು ಎಷ್ಟು ಮನೆಗೆ, ಟ್ಯಾಂಕರ್ ತರಿಸಿದರೆ ಹಣ ಯಾರದು ಎಂದು ಕೇಳು. 2024ರ ಬೇಸಿಗೆಯಲ್ಲಿ ಪೂರ್ವದ ಬಡಾವಣೆಗಳು ಪಟ್ಟ ಪಾಡು ನೆನಪಿರಲಿ.

ಎರಡನೇ ಸಲ ಕೆಲಸದ ದಿನ, ಆಫೀಸು ಬಿಟ್ಟ ಹೊತ್ತಿಗೆ, ನೀನು ದಿನಾ ಬರಬೇಕಾದ ದಾರಿಯಲ್ಲೇ ಬಾ. ಇಂದಿರಾನಗರದ 100 ಅಡಿ ರಸ್ತೆಯ ಪಕ್ಕದ ಕ್ರಾಸುಗಳು ಹಗಲು ಮರದ ನೆರಳಲ್ಲಿ ತಣ್ಣಗಿರುತ್ತವೆ. ಶನಿವಾರ ರಾತ್ರಿಯ ಸದ್ದು ಬೇರೆಯೇ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮೆಟ್ರೊ ಕೂಡಿದ ಮೇಲೆ ಓಡಾಟ ಹಗುರಾಗಿದೆ, ನಿಜ. ಆದರೆ ಬ್ರೋಕರ್ ಹೇಳುವ ‘ಐದೇ ನಿಮಿಷ’ವನ್ನು ನೀನೇ ನಡೆದು ಅಳೆ. ಆ ದಾರಿಯಲ್ಲಿ ಬೀದಿದೀಪ ಉರಿಯುತ್ತದೆಯೇ ನೋಡು.

ಮೂರನೇ ಸಲ ಜೋರು ಮಳೆಯ ಮರುದಿನ ಹೋಗು. ಕೆರೆ, ರಾಜಕಾಲುವೆಗಳ ಜಾಗದಲ್ಲಿ ಮನೆಗಳೆದ್ದ ಊರಿದು. ನೀರು ತನ್ನ ಹಳೆಯ ದಾರಿ ಮರೆಯುವುದಿಲ್ಲ. ಹೊರಮಾವಿನ ಸಾಯಿ ಲೇಔಟ್ ಮತ್ತೆ ಮತ್ತೆ ಮುಳುಗಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀಯಲ್ಲ. ಕಾಂಪೌಂಡ್ ಗೋಡೆಯ ಮೇಲೆ ಕೆಸರಿನ ಗೆರೆ ಇದ್ದರೆ ಅಲ್ಲಿಂದಲೇ ತಿರುಗಿ ಬಾ. ಮಳೆ ಬಾರದಿದ್ದರೆ ಬೀದಿ ಮೂಲೆಯಲ್ಲಿ ಇಸ್ತ್ರಿ ಮಾಡುವವರನ್ನು ಕೇಳು. ಅವರಿಗೆ ಎಲ್ಲ ಮನೆಯ ಕಥೆಯೂ ಗೊತ್ತಿರುತ್ತದೆ, ಮುಚ್ಚಿಡಬೇಕಾದ ಕಾರಣವೂ ಇರುವುದಿಲ್ಲ.

ಹತ್ತು ತಿಂಗಳ ಮುಂಗಡ ಇಲ್ಲಿನ ಹಳೆಯ ರೂಢಿ, ಕಾನೂನೇನಲ್ಲ. ಬಾಡಿಗೆ 25,000 ಆದರೆ ಎರಡೂವರೆ ಲಕ್ಷ ಪರರ ಕೈಯಲ್ಲಿ ಕೂರುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಅದು ಮಾದರಿಯಷ್ಟೇ ಆದರೂ ಚೌಕಾಸಿಗೆ ನಿನಗೆ ಬಲ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದು ಕರಾರಿನಲ್ಲಿ ಬರೆದಿರಲಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡು.

‘ಇವತ್ತೇ ಕೊಡದಿದ್ದರೆ ಬೇರೆಯವರ ಪಾಲು’ ಎಂದು ಅವಸರಿಸಿದರೆ ಬೇರೆಯವರ ಪಾಲಾಗಲಿ ಬಿಡು. ಮನೆ ಮನಸ್ಸಿಗೆ ಬಂದ ದಿನ ನನಗೊಂದು ಫೋನ್ ಮಾಡು. ಮೂರನೇ ಸಲ ನೋಡುವಾಗ ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಪ್ಪ