ಕಾದಂಬರಿಯೋ, ಅದರ ಸಿನಿಮಾವೋ?

ಹೈಸ್ಕೂಲಿನ ಇಂಗ್ಲಿಷ್ ಪಠ್ಯದ ಕಾದಂಬರಿಯನ್ನು ಓದದೆ ಅದರ ಸಿನಿಮಾ ಮಾತ್ರ ನೋಡಿದ ವಿದ್ಯಾರ್ಥಿಗೆ ಕಥೆ ಸಿಗುತ್ತದೆ, ನಿರೂಪಣೆ ಕೈತಪ್ಪುತ್ತದೆ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ (1958) ಕಾದಂಬರಿಯಲ್ಲಿ ಕಥಾನಾಯಕ ರಾಜು ತನ್ನ ಹಿಂದಿನ ಬದುಕನ್ನು ‘ನಾನು’ ಎಂದು ತಾನೇ ಹೇಳಿಕೊಳ್ಳುತ್ತಾನೆ. ಗುಡಿಯಲ್ಲಿ ಸ್ವಾಮಿಯಾಗಿ ಕೂತ ಭಾಗ ಮಾತ್ರ ಲೇಖಕರ ಮಾತಿನಲ್ಲಿದೆ. ಹೀಗಾಗಿ ಅವನನ್ನು ಎಷ್ಟು ನಂಬಬೇಕೆಂಬ ಅನುಮಾನ ಓದುಗರನ್ನು ಬಿಡುವುದಿಲ್ಲ. ಮುಕ್ತಾಯವೂ ಬೇರೆಯೇ. ಈ ಕಾದಂಬರಿಯನ್ನು ಆಧರಿಸಿದ, ವಿಜಯ್ ಆನಂದ್ ನಿರ್ದೇಶನದ 1965ರ ಹಿಂದಿ ಚಿತ್ರದ ಕೊನೆಗೆ ಮಳೆ ಸುರಿದೇ ಸುರಿಯುತ್ತದೆ. ಕಾದಂಬರಿಯಲ್ಲಿ ಬೆಟ್ಟದ ಕಡೆ ಮಳೆಯಾಗುತ್ತಿದೆ ಎಂದು ರಾಜು ಹೇಳುತ್ತಾನೆ, ಅಷ್ಟೆ. ಪುಸ್ತಕ ಮೊದಲು, ಸಿನಿಮಾ ಆಮೇಲೆ ಎಂಬ ಕ್ರಮವೇ ಮೇಲು. ಉತ್ತರಪತ್ರಿಕೆಯಲ್ಲಿ ಕಥಾಸಾರಕ್ಕೆ ನಾಲ್ಕು ಸಾಲು ಸಾಕು. ಉಳಿದ ಜಾಗ ಈ ಎರಡು ಮುಕ್ತಾಯಗಳ ಹೋಲಿಕೆಗೆ ಮೀಸಲಾಗಿರಬೇಕು.